ಕೀಲಿ ನನ್ನ ಹತ್ತಿರ ಇದೆ

ಓದುವ ಮಕ್ಕಳಿಗೆ ಬುದ್ಧಿ ಜಾಸ್ತಿ ಎನ್ನುವವರು ಒಂದು ದಿನ ಕೆಂಗೇರಿ ಕಡೆಯ ಆ ವಿಶ್ವವಿದ್ಯಾಲಯಕ್ಕೆ ಬಂದು, ಲೈಬ್ರರಿಯ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಇಪ್ಪತ್ತೊಂದು ಗೇರಿನ ಸೈಕಲ್ಲು ಬರುತ್ತದೆ. ತಲೆಗೆ ಹೆಲ್ಮೆಟ್ಟು, ಕೈಗೆ ಗ್ಲೌಸು, ನೀರಿನ ಬಾಟಲಿಗೊಂದು ಗೂಡು, ಹಿಂದೆ ಮಿಣಮಿಣ ಎನ್ನುವ ಕೆಂಪು ದೀಪ, ಎಲ್ಲ ಇರುತ್ತದೆ. ಬೀಗ ಮಾತ್ರ ಇರುವುದಿಲ್ಲ. ಅಲ್ಲಿನ ಕಬ್ಬಿಣದ ಕಂಬಿಗೆ ಒಂದೊಂದು ಸರಪಳಿ ಬೆಸೆದಿಟ್ಟಿದ್ದಾರೆ. ಸರಪಳಿಯನ್ನು ಮುಂದಿನ ಚಕ್ರಕ್ಕೂ ಚೌಕಟ್ಟಿಗೂ ಸೇರಿಸಿ ಸುತ್ತಿ, ಅವರವರ ಬೀಗ ಅವರವರೇ ಹಾಕಿಕೊಳ್ಳಬೇಕು ಎಂದು ಬೋರ್ಡೂ ಇದೆ. ಬೋರ್ಡಿಗೆ ಒರಗಿಸಿಯೇ ಸೈಕಲ್ ನಿಲ್ಲಿಸಿ, “ಎರಡೇ ನಿಮಿಷ ಆಂಟಿ, ಜೆರಾಕ್ಸ್ ಮಾಡಿಸ್ಕೊಂಡ್ ಬಂದ್ಬಿಡ್ತೀನಿ” ಎಂದು ಹೋದವರು ಸಂಜೆ ಬರುತ್ತಾರೆ.

ಆ ಆಂಟಿಯೇ ದಾನಮ್ಮ. ಸ್ಟ್ಯಾಂಡಿನ ಕಾವಲಿಗೆ ಏಜೆನ್ಸಿಯವರು ಹಾಕಿದ ಸೆಕ್ಯುರಿಟಿ. ವಯಸ್ಸು ನಲವತ್ತನಾಲ್ಕು, ಊರು ಇಂಡಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ಲಿಂಬೆ ತೋಟಗಳಲ್ಲಿ ಕಾಯಿ ಆರಿಸಿ ಚೀಲ ತುಂಬುತ್ತಿದ್ದಳು. ಗಂಡ ಬಸಪ್ಪನಿಗೆ ಮಾಗಡಿ ರಸ್ತೆಯ ಗ್ರಾನೈಟ್ ಗೋದಾಮಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ ಸಿಕ್ಕಿದ್ದರಿಂದ ಏಳು ವರ್ಷದ ಹಿಂದೆ ಮಗಳು ಭುವನೇಶ್ವರಿಯನ್ನೂ ಕರೆದುಕೊಂಡು ಶ್ರೀಗಂಧದ ಕಾವಲಿಗೆ ಬಂದು ಬಾಡಿಗೆ ಮನೆ ಹಿಡಿದರು. ಸ್ಟ್ಯಾಂಡಿನ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು.

ಸೆಕ್ಯುರಿಟಿ ಎಂದರೆ ಧೈರ್ಯಸ್ಥೆ ಎಂದುಕೊಳ್ಳಬೇಡಿ. ದಾನಮ್ಮ ಹುಟ್ಟಾ ಪುಕ್ಕಲಿ. ಮೆಟ್ರೋ ನಿಲ್ದಾಣದ ಹರಿಯುವ ಮೆಟ್ಟಿಲಿಗೆ ಹೆದರುತ್ತಿದ್ದಳು, ಬಸ್ಸಿನ ತನ್ನಷ್ಟಕ್ಕೆ ಮುಚ್ಚುವ ಬಾಗಿಲಿಗೆ ಹೆದರುತ್ತಿದ್ದಳು, ಸಹಿ ಹಾಕು ಎಂದು ಮುಂದೆ ಚಾಚಿದ ಯಾವ ಕಾಗದಕ್ಕಾದರೂ ಹೆದರುತ್ತಿದ್ದಳು. ಮೊದಲ ದಿನ ಯೂನಿಫಾರಂ ತೊಟ್ಟು ಕನ್ನಡಿ ನೋಡಿ, ಯಾರೋ ಪೊಲೀಸರು ಬಂದರೆಂದು ಸೆರಗು ಸರಿಮಾಡಿಕೊಳ್ಳಲು ಹೋದವಳು. ಆದರೆ ಒಂದು ಮಾತು: ಹೆದರುವವರಷ್ಟು ಚೆನ್ನಾಗಿ ಕಾವಲು ಕಾಯುವವರು ಇನ್ನೊಬ್ಬರಿಲ್ಲ. ಧೈರ್ಯವಂತರು ಕುರ್ಚಿಯಲ್ಲಿ ಕೂತು ತೂಕಡಿಸುತ್ತಾರೆ. ದಾನಮ್ಮ ಕೂರುತ್ತಲೇ ಇರಲಿಲ್ಲ.

ಬೀಗವಿಲ್ಲದ ಸೈಕಲ್ಲು ಕಂಡರೆ ಅವಳು ಗಳಿಗೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಚಕ್ರಕ್ಕೆ ಮಾತ್ರ ಸರಪಳಿ ಸುತ್ತಿ ಹೋಗಿದ್ದ. ಸಂಜೆ ಬಂದು ನೋಡಿದರೆ ಚಕ್ರ ಉಳಿದಿತ್ತು, ಸೈಕಲ್ಲು ಹೋಗಿತ್ತು. ಆ ಹುಡುಗ ಒಂಟಿ ಚಕ್ರ ಹಿಡಿದುಕೊಂಡು ಅಳುತ್ತಾ ಗೇಟಿನ ಕಡೆ ನಡೆದದ್ದನ್ನು ಕಂಡ ಮೇಲೆ ಅವಳು ತಾನೇ ಮೂರು ಬೀಗ ತಂದಿಟ್ಟುಕೊಂಡಳು. ಯಾರು ಮರೆತು ಹೋದರೂ ಅವರ ಸೈಕಲ್ಲಿಗೆ ತನ್ನ ಬೀಗ ಜಡಿಯುವುದು, ಅವರು ಬಂದಾಗ ಚೆನ್ನಾಗಿ ಬೈದು ತೆಗೆದುಕೊಡುವುದು. ಬೀಗದ ಕೈಗಳು ಅವಳ ತಾಳಿಯ ಪಿನ್ನಿನಲ್ಲಿ ನೇತಾಡುತ್ತಿದ್ದವು. ‘ಸಿಬ್ಬಂದಿಯು ವಿದ್ಯಾರ್ಥಿಗಳ ವಾಹನಗಳನ್ನು ಮುಟ್ಟತಕ್ಕದ್ದಲ್ಲ’ ಎಂದು ಅದೇ ಬೋರ್ಡಿನ ಕೆಳಗೆ ಬರೆದಿತ್ತು. ಅದು ಅವಳಿಗೂ ಗೊತ್ತಿತ್ತು. ಆ ನಿಯಮಕ್ಕೂ ಹೆದರುತ್ತಿದ್ದಳು, ಕಳ್ಳರಿಗೂ ಹೆದರುತ್ತಿದ್ದಳು. ಕಳ್ಳರ ಹೆದರಿಕೆ ಒಂದು ತೂಕ ಹೆಚ್ಚಿತ್ತು ಅಷ್ಟೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದಾನಮ್ಮನ ಬಾಯಲ್ಲಿ ‘ಬೀಗ’ ಎನ್ನುವ ಮಾತು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲಿ, ಲೈಬ್ರರಿ ಬಾಗಿಲು ಕಾಯುವ ವರಲಕ್ಷ್ಮಿ, ಮಾಗಡಿ ಕಡೆಯ ಹೆಂಗಸು, “ನಿನ್ ಬೀಗ ಎಲ್ಲೇ ದಾನಮ್ಮ?” ಎಂದು ಕೇಳಿದ್ದಳು. “ಮಗಳ ಲಗ್ನನ ಆಗಿಲ್ಲಬೇ, ಬೀಗರು ಎಲ್ಲಿಂದ ಬರಬೇಕು?” ಎಂದಿದ್ದಳು ಇವಳು. ವರಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕು, “ಬಾಗ್ಲಿಗೆ ಹಾಕೋ ಬೀಗ ಕಣೇ! ನಿಮ್ ಕಡೆ ಏನಂತೀರ ಅದಕ್ಕೆ?” ಎಂದಳು. ಕೇಳಿದಳೇ ಹೊರತು ಉತ್ತರಕ್ಕೆ ಕಾಯಲಿಲ್ಲ. ದಾನಮ್ಮನ ಕಡೆ ಅದಕ್ಕೆ ಕೀಲಿ ಎನ್ನುತ್ತಾರೆ. ಕೀಲಿ ತೆಗೆಯುವುದು ಕೀಲಿಕೈ. ಬೆಂಗಳೂರಿನಲ್ಲೋ, ಕೀ ಎಂದರೂ ಕೀಲಿ ಎಂದರೂ ಒಂದೇ ವಸ್ತು; ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರಾದರೂ ಬೀಗ ಎಂದರೆ ಈಗ ದಾನಮ್ಮನಿಗೆ ತಿಳಿಯುತ್ತಿತ್ತು. ಆದರೆ ಮಗಳ ಮಾವನಾಗಿ ಬರಬೇಕಾದ ಮನುಷ್ಯನನ್ನು ಸೈಕಲ್ಲಿಗೆ ತೂಗುಹಾಕಲು ಅವಳ ನಾಲಿಗೆ ಒಪ್ಪುತ್ತಿರಲಿಲ್ಲ. ಅವಳು ಕೀಲಿ ಎಂದೇ ಅನ್ನುತ್ತಿದ್ದಳು. ಹುಡುಗರು ಕೈಯಲ್ಲಿದ್ದದ್ದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು.

ಆ ಮಂಗಳವಾರ ವಚನಾ ಎನ್ನುವ ಹುಡುಗಿ, ಎಂ.ಎಸ್ಸಿ. ಓದುವವಳು, ಚಂದ್ರಾ ಲೇಔಟಿನಿಂದ ದಿನಾ ತುಳಿದುಕೊಂಡು ಬರುವವಳು, ತನ್ನ ಹಸಿರು ಸೈಕಲ್ಲು ನಿಲ್ಲಿಸಿ ಪ್ರಾಕ್ಟಿಕಲ್ಸಿಗೆ ಓಡಿದಳು. ಬೀಗ ಇರಲಿಲ್ಲ; ಇರುತ್ತಲೇ ಇರಲಿಲ್ಲ. ದಾನಮ್ಮ ಗೊಣಗುತ್ತಾ ಸರಪಳಿ ಸುತ್ತಿ ತನ್ನದೊಂದು ಬೀಗ ಹಾಕಿದಳು. ಮಧ್ಯಾಹ್ನ ಒಂದು ಗಂಟೆಗೆ ಅವಳಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಲೈಬ್ರರಿ ಪಕ್ಕದ ಹೆಂಗಸರ ಶೌಚಾಲಯ ರಿಪೇರಿ ಎಂದು ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಗಂಡಸರದ್ದು ಒಂದು ದಿನವೂ ರಿಪೇರಿಗೆ ಬರುವುದಿಲ್ಲ, ಅದೇನು ಪುಣ್ಯವೋ! ಅವಳು ಆಡಳಿತ ಕಚೇರಿಯವರೆಗೆ ನಡೆದು ಹೋಗಿ ಬರಬೇಕಿತ್ತು. ಬರುವಾಗ ಓಡಿಯೇ ಬಂದಳು.

ಸರಪಳಿ ಕಂಬಿಗೆ ಜೋತುಬಿದ್ದಿತ್ತು. ಹಸಿರು ಸೈಕಲ್ಲು ಇರಲಿಲ್ಲ. ನೆಲದ ಮೇಲೆ ಅವಳ ಬೀಗ ಬಿದ್ದಿತ್ತು, ಅದರ ಕೊಂಡಿಯನ್ನು ಯಾವುದೋ ಹತಾರದಿಂದ ಕಚಕ್ಕನೆ ಕತ್ತರಿಸಿದ್ದರು.

ದಾನಮ್ಮ ಕೂಗಬೇಕಿತ್ತು, ಕೂಗಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಮುಟ್ಟತಕ್ಕದ್ದಲ್ಲ ಎನ್ನುವ ಬೋರ್ಡು. ಅವಳು ಬಗ್ಗಿ ಆ ಬೀಗವನ್ನು ಎತ್ತಿ ಊಟದ ಚೀಲಕ್ಕೆ ತುರುಕಿದಳು. ಅದು ಅವಳು ಮಾಡಿದ ತಪ್ಪು. ಮಾಡಿದ್ದು ಒಂದೇ ತಪ್ಪು, ಆದರೆ ಹೆದರಿಕೆಯಲ್ಲಿ ಮಾಡುವ ತಪ್ಪಿಗೆ ಮರಿಗಳು ಬಹಳ.

ಸಂಜೆ ವಚನಾ ಬಂದು ಅತ್ತಳು. ವರಲಕ್ಷ್ಮಿ ಫೋನು ಮಾಡಿದಳು. ಮೇಲಿನವರು ಬಂದು ಸ್ಟ್ಯಾಂಡನ್ನು ಸುತ್ತು ಹಾಕಿ ನೋಡಿದರು. ಸ್ಟ್ಯಾಂಡಿನಲ್ಲಿ ಕ್ಯಾಮರಾ ಇರಲಿಲ್ಲ; ಹಿಂದಿನ ಗೇಟಿನ ಕ್ಯಾಮರಾದಲ್ಲಿ ಕ್ಯಾಪು, ಮಾಸ್ಕು, ಗ್ಲೌಸು ಹಾಕಿದ ಒಬ್ಬ ಹಸಿರು ಸೈಕಲ್ಲು ತುಳಿದುಕೊಂಡು ಆರಾಮಾಗಿ ಹೋಗುವುದು ಕಂಡಿತು, ಮುಖ ಕಾಣಲಿಲ್ಲ. ದಾನಮ್ಮ ಮನೆಗೆ ಬಂದು, ಆ ಬೀಗವನ್ನು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹುಗಿದಿಟ್ಟಳು.

ಬುಧವಾರ ಬೆಳಿಗ್ಗೆ ಅವಳನ್ನು ಸೆಕ್ಯುರಿಟಿ ಆಫೀಸಿಗೆ ಕರೆಸಿದರು. ಅಲ್ಲಿನ ಅಧಿಕಾರಿ ಗಂಗಾಧರಯ್ಯ, ರಾಮೋಹಳ್ಳಿ ಕಡೆಯ ಹಳೆಯ ಒಕ್ಕಲು ಮನೆತನದವರು, ಮುಂದಿನ ವರ್ಷ ರಿಟೈರ್ ಆಗುವವರು. ಕೆಟ್ಟ ಮನುಷ್ಯರಲ್ಲ. ಆದರೆ ರಿಪೋರ್ಟು ಬರೆಯುವ ಚಟ ವಿಪರೀತ. ಮಾತಾಡುವಾಗ ಕೀ, ಸೈನು, ಪ್ರಾಬ್ಲಮ್ಮು ಎನ್ನುವವರು ಪೆನ್ನು ಹಿಡಿದರೆ ಕೀಲಿ, ಸಹಿ, ಸಮಸ್ಯೆ ಎಂದು ಬರೆಯುತ್ತಿದ್ದರು. ತಮ್ಮ ಕನ್ನಡದ ಬಗ್ಗೆ ಅವರಿಗೆ ಬಹಳ ಅಭಿಮಾನ.

“ಆ ಹುಡುಗಿ ಬೀಗ ಹಾಕಿದ್ಲೇನಮ್ಮ?”

“ಇಲ್ರಿ ಸಾಹೇಬ್ರ. ನಾ ಹಾಕಿದ್ದೆ.”

ಗಂಗಾಧರಯ್ಯನವರ ಪೆನ್ನು ನಿಂತಿತು. “ನೀನಾ? ಮುಟ್ಟಬಾರದು ಅಂತ ಬೋರ್ಡ್ ಹಾಕಿಲ್ವಾ ಅಲ್ಲಿ?”

“ಐತ್ರಿ. ತಪ್ಪಾತ್ರಿ.” ಬಚ್ಚಿಡುವುದು ಬೇಡ, ಇದ್ದದ್ದು ಇದ್ದಂತೆ ಹೇಳಿಬಿಡೋಣ ಎಂದು ರಾತ್ರಿಯಿಡೀ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಹೇಳಿದಳು: “ಕೀಲಿ ನನ್ನ ಹತ್ರನ ಐತ್ರಿ ಸಾಹೇಬ್ರ. ಕೀಲಿ ಮುರದಾರ್ರಿ.”

ಗಂಗಾಧರಯ್ಯ ಕನ್ನಡಕದ ಮೇಲಿಂದ ನೋಡಿದರು. “ಕೀಲಿ ನಿನ್ ಹತ್ರ ಇದೆ?”

“ಹೌದ್ರಿ.”

“ನಿನ್ ಹತ್ರ ಇರೋ ಕೀಲೀನ ಯಾರಮ್ಮ ಬಂದು ಮುರಿದವ್ರು? ಮುರಿಯೋಕೆ ಅದೇನ್ ಚಕ್ಲೀನಾ? ಎಲ್ಲಿ, ತೋರ್ಸು.”

“ಇಲ್ಲಿ ಇಲ್ರಿ. ಮನ್ಯಾಗ ಐತ್ರಿ.”

“ಮನೆಗ್ ಯಾಕ್ ತಗೊಂಡ್ ಹೋದೆ?”

“ಹೆದರಿಕಿ ಆತ್ರಿ.”

ಗಂಗಾಧರಯ್ಯನವರ ಲೆಕ್ಕದಲ್ಲಿ ಎಲ್ಲ ತಾಳೆಯಾಗಿತ್ತು. ಬೀಗ ಹಾಕಿದವಳು ಇವಳು, ಕೀ ಇಟ್ಟುಕೊಂಡವಳು ಇವಳು, ಕದ್ದವನು ಆರಾಮಾಗಿ ತುಳಿದುಕೊಂಡು ಹೋಗಿದ್ದಾನೆ, ಇವಳು ಆ ಹೊತ್ತಿಗೆ ಸರಿಯಾಗಿ ಸ್ಟ್ಯಾಂಡಿನಲ್ಲಿ ಇಲ್ಲ, ಕೀಯನ್ನು ಮನೆಗೆ ಸಾಗಿಸಿದ್ದಾಳೆ, ಈಗ ಮುರಿದಿದೆ ಎಂದು ಕತೆ ಕಟ್ಟುತ್ತಿದ್ದಾಳೆ. ಬೀಗ ಎಲ್ಲಿ ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಳ್ಳ ಅದನ್ನೂ ಒಯ್ದಿರುತ್ತಾನೆ ಎಂದುಕೊಂಡು ಅವರು ಕೇಳಲಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಯಾವ ಊರಿನ ಮಾತು ಎಂದು ಗಾದೆ ಮಾಡಿದವರು ಹೇಳಿಲ್ಲ.

ಅವರು ಬರೆದ ಹೇಳಿಕೆ ಹೀಗಿತ್ತು: ‘ಸದರಿ ಸೈಕಲ್ಲನ್ನು ನಾನೇ ಭದ್ರಪಡಿಸಿರುತ್ತೇನೆ. ಕೀಲಿ ನನ್ನ ಹತ್ತಿರ ಇದೆ. ಕೀಲಿಯನ್ನು ಮನೆಗೆ ಕೊಂಡೊಯ್ದಿರುತ್ತೇನೆ.’ ದಾನಮ್ಮ ಏಳನೇ ತರಗತಿ ಓದಿದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎಲ್ಲ ನಿಜವೇ ಇತ್ತು, ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದಳು.

“ನಾಳೆ ನಂಗೆ ಮೀಟಿಂಗು. ಶುಕ್ರವಾರ ಹತ್ತು ಗಂಟೆಗೆ ಬಾ. ಆ ಕೀಲಿ ತಂದು ಈ ಟೇಬಲ್ ಮೇಲಿಡ್ಬೇಕು, ಯಾರ್ ಕೈಗೆ ಕೊಟ್ಟಿದ್ದೆ ಅಂತ ಬಾಯ್ಬಿಡ್ಬೇಕು. ಈ ಸೆಮಿಸ್ಟರಲ್ಲಿ ಹೋಗಿರೋ ಇನ್ನೂ ಮೂರ್ ಸೈಕಲ್ ಕತೇನೂ ಹೇಳ್ಬೇಕು. ಇಲ್ಲಾಂದ್ರೆ ಈ ಪೇಪರ್ ಸೀದಾ ಸ್ಟೇಷನ್ನಿಗೆ ಹೋಗುತ್ತೆ. ಗೊತ್ತಾಯ್ತಾ?”

ಅವಳಿಗೆ ಗೊತ್ತಾಗಲಿಲ್ಲ. ನಿಜವನ್ನೇ ಹೇಳಿದೆ, ನಿಜವನ್ನೇ ಬರೆದರು, ಆ ನಿಜದಿಂದ ನಾನು ಹೇಗೆ ಕಳ್ಳಿಯಾದೆ? ಹೊರಗೆ ಬಂದವಳು ಗೋಡೆ ಹಿಡಿದುಕೊಂಡು ನಿಂತಳು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಇನ್ನೊಂದು ಸುಳ್ಳಾದರೂ ಇರುತ್ತದೆ. ನಿಜ ಹೇಳಿ ಸಿಕ್ಕಿಬಿದ್ದವಳು ಎಲ್ಲಿಗೆ ಹೋಗಬೇಕು?

ಅವಳನ್ನು ಸ್ಟ್ಯಾಂಡಿನಿಂದ ತೆಗೆದು ಹಿಂದಿನ ಗೇಟಿನ ಬಳಿ ಕೂರಿಸಿದರು. ಅಷ್ಟರಲ್ಲಿ ಸುದ್ದಿ ಹರಡಿತ್ತು. ಸೈಕಲ್ಲಿನ ಹುಡುಗರೆಲ್ಲ ಮರುದಿನವೇ ದಪ್ಪ ದಪ್ಪ ಬೀಗ ತಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಮೂರು ವರ್ಷ “ಆಂಟಿ, ಊಟ ಆಯ್ತಾ” ಎನ್ನುತ್ತಿದ್ದವರು ಗುರುವಾರ ತಲೆ ತಗ್ಗಿಸಿ ಪೆಡಲ್ ತುಳಿದುಕೊಂಡು ದಾಟಿ ಹೋದರು. ವಚನಾ ಮಾತ್ರ ನಡೆದು ಬಂದವಳು ಎದುರಿಗೆ ನಿಂತಳು.

“ನಿಮ್ಮನ್ ನಂಬ್ಕೊಂಡೇ ತಾನೇ ಆಂಟಿ, ನಾನ್ ಬೀಗಾನೇ ತರ್ತಿರ್ಲಿಲ್ಲ.”

“ಯವ್ವಾ, ನಾ ಕದ್ದಿಲ್ಲ. ನನ್ನ ಮಗಳಾಣಿ.”

“ಹಂಗಾದ್ರೆ ಯಾಕ್ ಬಚ್ಚಿಟ್ಟಿದೀರ?” ಎಂದು ಕೇಳಿ ವಚನಾ ಹೊರಟುಹೋದಳು. ಬಚ್ಚಿಟ್ಟದ್ದಂತೂ ನಿಜವಾಗಿತ್ತು.

ಹೆದರುವವರ ಮೇಲೆ ಕಪ್ಪೆ ಎಸೆದ ಹಾಗೆ ಮಧ್ಯಾಹ್ನ ವರಲಕ್ಷ್ಮಿ ಬಂದಳು. ಡಬ್ಬಿ ಬಿಚ್ಚಿ ಚಿತ್ರಾನ್ನ ಮುಂದೆ ತಳ್ಳಿ, ಕಾಳಜಿಯಿಂದಲೇ ಹೇಳಿದಳು: “ಜೋಪಾನ ಕಣೇ. ಸ್ಟೇಷನ್ನಲ್ಲಿ ಪೌಡರ್ ಹಾಕಿ ಬೆರಳಚ್ಚು ತೆಗೀತಾರಂತೆ. ಯಾರ್ ಬೆರಳಿದ್ರೆ ಅವ್ರೇ ಕಳ್ಳ್ರು. ಆಮೇಲೆ ಮನೆ ಹತ್ರಾನೇ ಬರ್ತಾರೆ, ಜೀಪಲ್ಲಿ.”

ಆ ಕೀಲಿಯ ಮೇಲೆ ಯಾರ ಬೆರಳು ಇರುತ್ತದೆ? ಹಾಕಿದವಳು ತಾನು, ಎತ್ತಿದವಳು ತಾನು, ಹಿಟ್ಟಿನಲ್ಲಿ ಹುಗಿದವಳು ತಾನು. ಕದ್ದವನು ಗ್ಲೌಸು ಹಾಕಿದ್ದನ್ನು ಕ್ಯಾಮರಾದಲ್ಲಿ ಎಲ್ಲರೂ ನೋಡಿದ್ದರು. ಸಾಹೇಬರು ಅದಕ್ಕೇ ಕೀಲಿ ತಾ, ಕೀಲಿ ತಾ ಎನ್ನುತ್ತಿದ್ದಾರೆ! ದಾನಮ್ಮನಿಗೆ ಎಲ್ಲ ಅರ್ಥವಾದಂತಾಯಿತು. ಚಿತ್ರಾನ್ನದ ತುತ್ತು ಬಾಯಲ್ಲೇ ಉಳಿಯಿತು.

ಅವತ್ತು ಮನೆಯಲ್ಲಿ ರೊಟ್ಟಿ ಬಡಿಯಲು ಡಬ್ಬಿಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ಕಬ್ಬಿಣ ತಾಗುತ್ತಿತ್ತು. ಬೀದಿಯಲ್ಲಿ ಯಾವ ಗಾಡಿ ನಿಂತರೂ ಒಲೆಯ ಮುಂದಿನಿಂದ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದಳು. ಜೀಪು ಬಂದರೆ ಮನೆ ಮಾಲೀಕರು ಏನನ್ನುತ್ತಾರೆ? ಅಂಗಡಿಯವರು, ನೀರು ಹಿಡಿಯುವ ಹೆಂಗಸರು? ಎರಡನೇ ಪಿಯುಸಿ ಓದುವ ಮಗಳು ನಾಳೆ ಯಾವ ಮುಖ ಹೊತ್ತು ಕಾಲೇಜಿಗೆ ಹೋಗುತ್ತಾಳೆ? ಅವಳಿಗೆ ಕೆಲಸ ಹೋಗುವ ಹೆದರಿಕೆಯೂ ಇತ್ತು. ಆದರೆ ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಕಳ್ಳಿ ಎನ್ನುವ ಹೆಸರು ಬಂದರೆ ಅದು ಊರಿಗೂ ಹೋಗುತ್ತದೆ, ಇಂಡಿ ಬಸ್ಸಿನಲ್ಲಿ ಅವಳಿಗಿಂತ ಮೊದಲೇ.

“ಯವ್ವಾ, ಯಾಕ ಊಟ ಬಿಟ್ಟೀ?” ಎಂದಳು ಭುವನೇಶ್ವರಿ.

“ಹೊಟ್ಟಿ ಬ್ಯಾನಿ. ನೀ ಓದಕೋ.”

ಐದನೇ ತರಗತಿಯಿಂದ ಬೆಂಗಳೂರಿನಲ್ಲಿ ಓದಿದ ಹುಡುಗಿ ಅದು. ಒಂದು ಮಾತು ಹೇಳಿದ್ದರೆ, ‘ಯವ್ವಾ, ಇಲ್ಲಿ ಕೀಲಿ ಅಂದ್ರ ಕೀ ಅಂತ ತಿಳೀತಾರ’ ಎಂದು ಅರೆಕ್ಷಣದಲ್ಲಿ ಬಿಡಿಸಿಬಿಡುತ್ತಿತ್ತು. ದಾನಮ್ಮ ಮಗಳಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಹೆದರಿಕೆಯ ಗುಣವೇ ಅದು, ಬಿಡಿಸಬಲ್ಲವರ ಮುಂದೆಯೇ ಬಾಯಿ ಮುಚ್ಚಿಸುತ್ತದೆ.

ಶುಕ್ರವಾರ ಬೆಳಿಗ್ಗೆ ಅವಳು ಮನೆಯಿಂದ ಬೇಗ ಹೊರಟಳು. ಬೀಗವನ್ನು ಹಳೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದಳು. ಸಾಹೇಬರಿಗೆ ಕೊಡಲು ಅಲ್ಲ. ಎರಡು ನಿಲ್ದಾಣ ಮೊದಲೇ ಇಳಿದು ವೃಷಭಾವತಿಯ ಸೇತುವೆಗೆ ಬಂದಳು. ಕೆಳಗೆ ಕಪ್ಪು ನೀರು ಬಿಳಿ ನೊರೆ ಹೊತ್ತು ನಾರುತ್ತಾ ಹರಿಯುತ್ತಿತ್ತು. ಅದರಲ್ಲಿ ಬಿದ್ದದ್ದನ್ನು ಯಾವ ದೇವರೂ ಎತ್ತಿ ಕೊಡಲಾರ. ಕಳೆದುಹೋಯಿತು ಎಂದುಬಿಡೋಣ. ಬೆರಳೂ ಇಲ್ಲ, ಅಚ್ಚೂ ಇಲ್ಲ.

ಲೋಕದಲ್ಲಿ ಅವಳನ್ನು ಉಳಿಸಬಲ್ಲ ಒಂದೇ ಒಂದು ವಸ್ತು ಆ ಕತ್ತರಿಸಿದ ಬೀಗ. ಅದನ್ನೇ ಕೈಯಲ್ಲಿ ಹಿಡಿದು ಅವಳು ಕಟ್ಟೆಯ ಆಚೆಗೆ ಚಾಚಿದಳು. ಬೆರಳು ಸಡಿಲಿಸಬೇಕು, ಅಷ್ಟೆ.

ಬೆನ್ನ ಹಿಂದೆ ಸೀಟಿಯ ಸದ್ದಾಯಿತು.

ಟ್ರಾಫಿಕ್ ಪೊಲೀಸಿನವರು ಒನ್‌ವೇಯಲ್ಲಿ ನುಗ್ಗಿದ ಯಾವುದೋ ಆಟೋಗೆ ಊದಿದ ಸೀಟಿ ಅದು. ದಾನಮ್ಮನಿಗೆ ಅದು ತನಗೇ ಊದಿದಂತೆ ಕೇಳಿಸಿತು. ಕೈ ಸರಕ್ಕನೆ ಹಿಂದಕ್ಕೆ ಬಂತು, ಕವರು ಚೀಲಕ್ಕೆ ಬಿತ್ತು, ಅವಳು ತಿರುಗಿ ನೋಡದೆ ಓಡುವಂತೆ ನಡೆದಳು. ಹಿಂದಿನಿಂದ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಬೆನ್ನು ಉರಿಯುತ್ತಿತ್ತು. ಯಾರೂ ಕರೆಯಲಿಲ್ಲ. ಧೈರ್ಯವಂತೆಯಾಗಿದ್ದರೆ ಎಸೆದೇ ಬಿಡುತ್ತಿದ್ದಳು, ಮುಳುಗಿಯೇ ಹೋಗುತ್ತಿದ್ದಳು. ಪುಕ್ಕಲುತನ ಅವಳನ್ನು ಕಾಪಾಡಿತು.

ಹತ್ತು ಗಂಟೆಗೆ ಸೆಕ್ಯುರಿಟಿ ಆಫೀಸು. ಗಂಗಾಧರಯ್ಯನವರ ಮುಂದೆ ಅವಳ ಸಹಿಯಿದ್ದ ಕಾಗದ ಫೈಲಿನಲ್ಲಿ ಕೂತಿತ್ತು. ಪಕ್ಕದ ಕುರ್ಚಿಯಲ್ಲಿ ವಚನಾ ಕೂತಿದ್ದಳು. ಅವಳ ಅಪ್ಪ ಕಂಪ್ಲೇಂಟು ಕೊಟ್ಟೇ ಬಾ ಎಂದು ಕಳಿಸಿದ್ದರು. ಬಾಗಿಲಲ್ಲಿ ವರಲಕ್ಷ್ಮಿ ನಿಂತಿದ್ದಳು.

“ತಂದ್ಯಾ ಕೀಲಿ?”

ಇನ್ನು ಉಳಿದ ದಾರಿ ಯಾವುದೂ ಇರಲಿಲ್ಲ. ದಾನಮ್ಮ ಕವರು ಬಿಚ್ಚಿ ಬೀಗವನ್ನು ಮೇಜಿನ ಮೇಲಿಟ್ಟಳು. ಕತ್ತರಿಸಿದ ಕೊಂಡಿಯಿಂದ ಜೋಳದ ಹಿಟ್ಟು ಕಾಗದಗಳ ಮೇಲೆ ಉದುರಿತು.

“ಇದೇನಮ್ಮ?”

“ಕೀಲಿ ರೀ.”

“ತಮಾಷೆ ಮಾಡ್ತೀಯಾ? ಇದು ಬೀಗ. ನಾನ್ ಕೇಳಿದ್ದು ಕೀಲಿ.”

“ಇದ ಅಲ್ರಿ ಕೀಲಿ!” ಅವಳು ಅತ್ತೇಬಿಟ್ಟಳು. “ಕೀಲಿ ಕೊಡು ಅಂದ್ರಿ, ಕೀಲಿ ತಂದೀನಿ. ಇನ್ನೇನ್ ತರಬೇಕ್ರಿ ನಾ? ಕೀಲಿಕೈ ಬೇಕಂದ್ರ ಇಲ್ಲೈತಿ ನೋಡ್ರಿ, ಯಾವಾಗ್ಲೂ ಕೊಳ್ಳಾಗ ಇರತೈತಿ.” ಕೊರಳಿಗೆ ಕೈ ಹಾಕಿ, ತಾಳಿಯ ಪಿನ್ನಿನಿಂದ ಸಣ್ಣ ಬೀಗದ ಕೈಯೊಂದನ್ನು ಕಿತ್ತು ಮೇಜಿನ ಮೇಲಿಟ್ಟಳು.

ವಚನಾ ಮುಂದಕ್ಕೆ ಬಗ್ಗಿ ಬೀಗವನ್ನು ಎತ್ತಿಕೊಂಡು, ಕತ್ತರಿಸಿದ ಜಾಗದ ಮೇಲೆ ಬೆರಳಾಡಿಸಿದಳು.

“ಸಾರ್, ಇದನ್ನ ಕಟ್ ಮಾಡಿದಾರೆ ಸಾರ್. ಕೀಯಿಂದ ತೆಗೆದಿಲ್ಲ.” ಆಮೇಲೆ ದಾನಮ್ಮನ ಕಡೆ ತಿರುಗಿ, “ಆಂಟಿ, ನಿಮ್ ಊರಲ್ಲಿ ಇದಕ್ಕೇನಾ ಕೀಲಿ ಅನ್ನೋದು?”

“ಮತ್ತೇನಂತಾರವ್ವ?”

ಮೊದಲು ನಕ್ಕದ್ದು ವರಲಕ್ಷ್ಮಿ. ಆಮೇಲೆ ಗಂಗಾಧರಯ್ಯ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು, “ಅಯ್ಯೋ ನಿನ್ನ! ಬೀಗಕ್ಕೆ ಕೀಲಿ ಅಂತಾಳಲ್ಲಪ್ಪ! ಮುರಿದ್ರು, ಮುರಿದ್ರು ಅಂತಿದ್ಲು, ನಾನ್ ಚಕ್ಲೀನಾ ಅಂದೆ!” ಎಂದು ಪಕ್ಕದ ಕೋಣೆಯವರನ್ನೂ ಕರೆದು ಹೇಳಿದರು. ಅವರೂ ನಕ್ಕರು. ಯಾರೋ ಟೀ ತರಿಸಿದರು. ವಚನಾಳಿಗೂ ನಗು ಬಂತು, ಆದರೆ ದಾನಮ್ಮನ ಮುಖ ನೋಡಿ ತಡೆದುಕೊಂಡು ತಲೆ ತಗ್ಗಿಸಿದಳು.

ದಾನಮ್ಮ ಟೀ ಮುಟ್ಟಲಿಲ್ಲ. ಮೂರು ದಿನ ಒಳಗೇ ಸುಟ್ಟ ಸಂಕಟ ಇವರಿಗೆ ಟೀ ಜೊತೆಯ ಬಿಸ್ಕತ್ತಾಯಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

“ಸರಿ ಹೋಗಮ್ಮ, ಡ್ಯೂಟಿ ನೋಡ್ಕೋ,” ಎಂದರು ಗಂಗಾಧರಯ್ಯ. “ಇನ್ಮೇಲೆ ಬೀಗ ಅನ್ನೋದ್ ಕಲಿ. ಯಾರ್ ಸೈಕಲ್ಲೂ ಮುಟ್ಬೇಡ. ಅಪರಿಚಿತ ವ್ಯಕ್ತಿ ಅಂತ ಕಂಪ್ಲೇಂಟ್ ಬರ್ಕೊಡ್ತೀನಿ. ಇಲ್ಲಿಗ್ ಮುಗೀತು.” ಅವರು ಫೈಲು ಮುಚ್ಚಿ ಕಪಾಟಿನ ಕಡೆ ಕೈ ಚಾಚಿದರು.

ದಾನಮ್ಮ ಹೋಗಲಿಲ್ಲ.

“ಸಾಹೇಬ್ರ, ಆ ಹಾಳಿ.”

“ಯಾವ್ ಹಾಳೆ?”

“ನಾ ಸಹಿ ಮಾಡಿದ್ದು. ಅದು ಅಲ್ಲೇ ಐತ್ರಿ.”

“ಇರ್ಲಿ ಬಿಡಮ್ಮ, ಫೈಲಲ್ಲಿ ಇರುತ್ತೆ. ಯಾರ್ ಓದ್ತಾರೆ ಅದನ್ನ?”

“ಓದಿದವ್ರು ನೀವು ಓದಿದಂಗ ಓದ್ತಾರ್ರಿ.”

ಕೋಣೆಯಲ್ಲಿ ಉಳಿದಿದ್ದ ನಗು ನಿಂತಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಸಾಹೇಬರು ಎನ್ನುವವರಿಗೆ ಅವಳು ಎದುರು ಮಾತಾಡಿದ್ದೇ ಇಲ್ಲ. ಈಗಲೂ ಹೆದರಿಕೆ ಹೋಗಿರಲಿಲ್ಲ. ಆದರೆ ಆ ಕಾಗದದ ಹೆದರಿಕೆಯ ಮುಂದೆ ಸಾಹೇಬರ ಹೆದರಿಕೆ ಸಣ್ಣದಾಗಿತ್ತು.

“ಮುಂದಿನ ವರ್ಷ ನೀವು ರಿಟೈರ್ ಆಕ್ಕೀರಿ. ನಿಮ್ಮ ಕುರ್ಚಿಗೆ ಬಂದವ್ರಿಗೆ ಈ ನಗಿ ಗೊತ್ತಿರೂದಿಲ್ಲ. ಇನ್ನೊಂದ್ ಸೈಕಲ್ ಹೋದ ದಿನ ಆ ಹಾಳಿ ತಗೀತಾರ. ಕೀಲಿ ನನ್ನ ಹತ್ರ ಐತಿ ಅಂತ ನನ್ನ ಸಹಿನ ಐತಿ.”

ಗಂಗಾಧರಯ್ಯ ಮುಖ ಸಿಂಡರಿಸಿದರು. ಗೋಡೆ ಗಡಿಯಾರ ನೋಡಿದರು. ವಚನಾ ಮೆಲ್ಲಗೆ, “ಸಾರ್, ಅವ್ರು ಹೇಳೋದು ಸರಿ ಸಾರ್,” ಎಂದಳು. ಕೊನೆಗೆ ಅವರು ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, “ಕೊಡು, ಕೀಲಿ ಅನ್ನೋದನ್ನ ಹೊಡೆದು ಬೀಗ ಅಂತ ಮಾಡ್ಬಿಡ್ತೀನಿ,” ಎಂದರು.

“ಹೊಡೀಬ್ಯಾಡ್ರಿ.” ಅವಳು ಕಾಗದದ ಮೇಲೆ ಅಂಗೈ ಇಟ್ಟಳು. “ಅದು ನಾ ಆಡಿದ ಮಾತು, ಖರೇ ಮಾತು. ಅದನ್ಯಾಕ ಹೊಡೀಬೇಕು? ಕೆಳಗ ಬರೀರಿ, ದಾನಮ್ಮ ಕೀಲಿ ಅಂದ್ರ ಬೀಗ ಅಂತ. ಅದನ್ನ ಯಾರೋ ಕತ್ತರಿಸ್ಯಾರ, ಈಕಿ ಕದ್ದಿಲ್ಲ ಅಂತ.”

“ಕದ್ದಿಲ್ಲ ಅಂತೆಲ್ಲ ನಾನ್ ಹೆಂಗಮ್ಮ ಬರೀಲಿ?”

“ಕದ್ದಾಳ ಅಂತ ಬರಿಯೂದು ಗೊತ್ತಿತ್ತಲ್ರಿ ನಿಮಗ.”

ಗಂಗಾಧರಯ್ಯ ಬಗ್ಗಿ ಬರೆದರು. ಬರೆದದ್ದನ್ನು ತಾವೇ ಓದಿ ಹೇಳಲು ಹೊರಟರೆ ಅವಳು ಬೇಡವೆಂದು ಕಾಗದ ತನ್ನ ಕಡೆ ತಿರುಗಿಸಿಕೊಂಡಳು. ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಡುವೆ ಒಂದು ಪದ ಅರ್ಥವಾಗದೆ, ಇದೇನ್ರಿ ಎಂದು ಕೇಳಿದಳು. ಅವರು ಹೇಳಿದರು. ಅದಕ್ಕೆ ಇನ್ನೇನಾದರೂ ಅರ್ಥ ಇದೆಯೇ ಎಂದು ಕೇಳಿದಳು. ಇಲ್ಲ ಎಂದರು. ‘ಕದ್ದಿಲ್ಲ’ ಎನ್ನುವಲ್ಲಿಗೆ ಬಂದಾಗ ಎರಡು ಸಲ ಓದಿದಳು.

ಆಮೇಲೆ ಸಹಿ ಮಾಡಿದಳು. ಕೈ ನಡುಗಿ ಅದು ಮೇಲಿನ ಸಹಿಯ ಹಾಗೆ ಬರಲಿಲ್ಲ. ಯಾರಾದರೂ ಇದು ಬೇರೆಯವರ ಸಹಿ ಅಂದುಬಿಟ್ಟರೆ ಎಂದು ಅವಳಿಗೆ ಮತ್ತೆ ಹೆದರಿಕೆಯಾಯಿತು. ಪಕ್ಕದಲ್ಲಿ ಇನ್ನೊಂದು ಸಲ, ದುಂಡಗೆ, ನಿಧಾನವಾಗಿ ತನ್ನ ಹೆಸರು ಬರೆದಳು.